ಚಿನ್ನಸ್ವಾಮಿಯ ಕ್ಯಾನಿನ ಮುಚ್ಚಳ

ಮದುವೆ ಆಲ್ಬಮ್ಮುಗಳನ್ನು ನಂಬುವುದಾದರೆ ಹೊಸಕೋಟೆ ತಾಲ್ಲೂಕಿನಲ್ಲಿ ಕಪ್ಪಗಿರುವ ಹೆಣ್ಣುಮಗಳು ಒಬ್ಬಳೂ ಇಲ್ಲ. ಬಿಸಿಲಲ್ಲಿ ಕಳೆ ಕಿತ್ತವರು, ರೇಷ್ಮೆಹುಳುವಿಗೆ ಸೊಪ್ಪು ಕೊಯ್ದವರು, ಇಟ್ಟಿಗೆ ಗೂಡಿನ ಮುಂದೆ ನಿಂತು ಬೆಂದವರು, ಎಲ್ಲರೂ ಆಲ್ಬಮ್ಮಿನೊಳಗೆ ಕಾಲಿಟ್ಟ ಕೂಡಲೇ ಮೈದಾಹಿಟ್ಟು. ಇದು ಸುಳ್ಳು ಅಂತ ಯಾರಿಗೂ ಅನಿಸುವುದಿಲ್ಲ. ರಾಗಿ ತಿಂದು ಬೆಳೆದ ಜನ ನಾವು. ರಾಗಿಯ ಬಣ್ಣ ಮುದ್ದೆಗಾದರೆ ಸರಿ, ಮಗಳಿಗಾದರೆ ಕೊರಗು. ಅಲ್ಲ ಸ್ವಾಮಿ, ಕಪ್ಪು ಕಲ್ಲಿನ ದೇವರಿಗೆ ಅಡ್ಡಬಿದ್ದು ಬಂದು, ಫೋಟೋದವನ ಹತ್ತಿರ "ಹುಡುಗಿ ಸ್ವಲ್ಪ ಬೆಳ್ಳಗೆ ಬರಲಿ" ಅನ್ನುವ ಬಾಯಿ ಎಂಥದ್ದು?

ಈ ಸುಳ್ಳನ್ನು ವರ್ಷಗಟ್ಟಲೆ ಕೈಯಾರೆ ಅಚ್ಚುಹಾಕಿದವನೂ, ಒಂದು ದಿನ ಊರೆದುರು ನಿಂತು "ಇದು ಸುಳ್ಳು, ಮಾಡಿದವನು ನಾನು" ಎಂದವನೂ ಒಬ್ಬನೇ. ಅವನ ಹೆಸರು ಚಿನ್ನಸ್ವಾಮಿ. ಹೊಸಕೋಟೆಯ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸೂರ್ಯ ಕಲರ್ ಸ್ಟುಡಿಯೋ ಅವನದು. ಅವನನ್ನು ಸಾಧು ಮನುಷ್ಯ ಅಂತ ಮಾತ್ರ ಯಾರೂ ತಿಳಿಯಬಾರದು. ಜಂಬದ ಕೋಳಿ. ಜೇಬಿನಲ್ಲಿ ಸದಾ ಬಾಚಣಿಗೆ, ಕತ್ತಿಗೆ ಸೆಂಟು, ಬಾಯಲ್ಲಿ ಕೊಂಕು. ಮದುವೆ ಮನೆಯಲ್ಲಿ ಪುರೋಹಿತರನ್ನೇ "ಸ್ವಾಮಿ, ಸ್ವಲ್ಪ ಆ ಕಡೆ ಸರೀರಿ, ನಿಮ್ಮ ನೆರಳು ತಾಳಿ ಮೇಲೆ ಬೀಳ್ತಿದೆ" ಅಂತ ಗದರಿಸುವ ಆಸಾಮಿ.

ಜಂಬಪಡಲು ಕಾರಣವೂ ಇತ್ತು. ಎಂಬತ್ತರ ದಶಕದ ಕೊನೆಯಲ್ಲಿ ಈ ಕಡೆಯ ಸ್ಟುಡಿಯೋದವರೆಲ್ಲ ಕಲರ್ ರೋಲುಗಳನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಬೆಂಗಳೂರಿನ ಲ್ಯಾಬಿಗೆ ಕಳಿಸುತ್ತಿದ್ದರು. ಚಿನ್ನಸ್ವಾಮಿ ಹುಡುಗನಾಗಿದ್ದಾಗಲೇ ಶಿವಾಜಿನಗರದ ಲ್ಯಾಬೊಂದರಲ್ಲಿ ದುಡಿದು ಕೆಲಸ ಕಲಿತಿದ್ದ. ಊರಿಗೆ ಬಂದು ಅಂಗಡಿಯ ಹಿಂದಿನ ಉಗ್ರಾಣವನ್ನೇ ಕತ್ತಲೆ ಕೋಣೆ ಮಾಡಿ, ತನ್ನ ಕಲರ್ ಪ್ರಿಂಟುಗಳನ್ನು ತಾನೇ ತೆಗೆಯತೊಡಗಿದ. ಮಾಲೂರಿನಿಂದ, ಈ ಕಡೆಯದೇ ಆದ ವಿಜಯಪುರದಿಂದ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು.

ಆ ಕೆಲಸದ ಕಷ್ಟ ಹೊರಗಿನವರಿಗೆ ತಿಳಿಯುವಂಥದ್ದಲ್ಲ. ನೆಗೆಟಿವ್ ಅಂದರೆ ಕಿತ್ತಳೆ ಬಣ್ಣದ ಒಂದು ಪಟ್ಟಿ. ಅದರಲ್ಲಿ ಕೂದಲು ಬೆಳ್ಳಗೆ, ಹಲ್ಲು ಕಪ್ಪಗೆ, ಕುಂಕುಮ ಹಸಿರು. ಎಲ್ಲ ತಲೆಕೆಳಗಾದ ಲೋಕ. ಅದನ್ನು ಕಾಗದದ ಮೇಲೆ ನೆಟ್ಟಗೆ ಮಾಡಬೇಕಾದರೆ ದೀಪಕ್ಕೂ ಫಿಲ್ಮಿಗೂ ನಡುವೆ ಬಣ್ಣದ ಗಾಜುಗಳನ್ನು ಇಡಬೇಕು. ಚಿತ್ರದಲ್ಲಿ ಹಳದಿ ಹೆಚ್ಚಾಯಿತೋ, ಹಳದಿ ಗಾಜನ್ನೇ ಹೆಚ್ಚಿಸಬೇಕು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ವಿದ್ಯೆ. ಇಷ್ಟಾದರೂ ಬಣ್ಣ ನಿಂತ ಕಡೆ ನಿಲ್ಲುವುದಿಲ್ಲ. ಸುತ್ತಲ ತೋಟಗಳಲ್ಲಿ ಪಂಪ್‌ಸೆಟ್ ಶುರುವಾಯಿತೆಂದರೆ ಕರೆಂಟು ಸೊರಗಿ ದೀಪ ಕೆಂಪಾಗುತ್ತದೆ. ದೀಪ ಕೆಂಪಾದರೆ ಕಾಗದದ ಮೇಲೆ ಮದುಮಗ ನೀಲಿಯಾಗುತ್ತಾನೆ. ಸೋಗೆ ಚಪ್ಪರದ ಕೆಳಗೆ ಕೂತವರ ಮುಖ ಹಸಿರು, ಕೆಂಪು ಶಾಮಿಯಾನದ ಕೆಳಗೆ ಕೂತವರ ಮುಖ ದಾಳಿಂಬೆ. ಒಂದೇ ಮನೆಯ ಬೀಗರು ಒಂದೇ ಆಲ್ಬಮ್ಮಿನಲ್ಲಿ ಮೂರು ದೇಶದವರಾಗಿಬಿಡುತ್ತಾರೆ.

ಚಿನ್ನಸ್ವಾಮಿಯ ಆಲ್ಬಮ್ಮಿನಲ್ಲಿ ಮಾತ್ರ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಮದುಮಗಳ ಬಣ್ಣ ಒಂದೇ. ಅವನ ಗುಟ್ಟು ಸರಳ. ಮುಖ ಒಂದನ್ನೇ ನೋಡುತ್ತಿದ್ದ. ಮುಖ ಗೋಧಿ ಬಣ್ಣಕ್ಕೆ ಬರುವವರೆಗೂ ಗಾಜು ಬದಲಾಯಿಸುತ್ತಿದ್ದ. ಅದು ಬಂತೆಂದರೆ ಮುಗಿಯಿತು. ಸೀರೆ, ಗೋಡೆ, ಬಾಳೆಕಂಬ ಏನಾದರೇನು, ಯಾರು ಕೇಳುತ್ತಾರೆ? ಹುಟ್ಟಿದ ಬಣ್ಣ ಯಾವುದೇ ಇರಲಿ, ಸೂರ್ಯ ಕಲರ್ ಸ್ಟುಡಿಯೋದಿಂದ ಹೊರಬರುವಾಗ ಎಲ್ಲರೂ ಗೋಧಿ. ಅಂಗಡಿಯ ಬಾಗಿಲಲ್ಲೇ ಅಂಥ ಗೋಧಿ ಬಣ್ಣದ ಮದುಮಗಳ ದೊಡ್ಡ ಚಿತ್ರ ತೂಗುಹಾಕಿದ್ದ. ಹೆಣ್ಣು ನೋಡುವ ಮುಂಚೆ ಗಂಡಿನ ಕಡೆಗೆ ಫೋಟೋ ಕಳಿಸುವ ಮನೆಗಳೆಲ್ಲ ಅವನ ಗಿರಾಕಿ. ಅನ್ನ ಹುಟ್ಟುತ್ತಿದ್ದದ್ದೇ ಆ ಗೋಧಿಯಿಂದ.

ತೊಂಬತ್ತೆರಡರ ಸಂಕ್ರಾಂತಿ ಕಳೆದ ಮೇಲೆ ಜಡಿಗೇನಹಳ್ಳಿ ಕಡೆಯ ಒಂದು ಊರಿನ ಹಾಲಿನ ಡೇರಿಯವರು ಸದಸ್ಯರ ಸೀಮೆಹಸುಗಳಿಗೆಲ್ಲ ಒಟ್ಟಾಗಿ ವಿಮೆ ಮಾಡಿಸಿದರು. ಪ್ರತಿ ಹಸುವಿನ ಕಿವಿಗೆ ನಂಬರಿನ ಬಿಲ್ಲೆ, ಜತೆಗೆ ಹಸುವಿನ ಪಕ್ಕ ಒಡೆಯರು ನಿಂತ ಒಂದು ಫೋಟೋ. ಫೋಟೋ ಕೆಲಸ ಚಿನ್ನಸ್ವಾಮಿಗೆ ಸಿಕ್ಕಿತು. ಊರ ಹೊರಗೆ ತೋಟದ ಮನೆಯಲ್ಲಿದ್ದ ದ್ಯಾವಮ್ಮ ಎರಡು ಹಸು ಕಟ್ಟಿ ಸಂಸಾರ ತೂಗಿಸುತ್ತಿದ್ದವಳು. ಫೋಟೋದ ದಿನ ಹಸುವಿನ ಮೈ ತೊಳೆದು, ತಾನು ಹಸಿರು ಸೀರೆ ಉಟ್ಟು, ಡೇರಿಯ ಅಲ್ಯೂಮಿನಿಯಂ ಕ್ಯಾನನ್ನು ಬೂದಿ ಹಾಕಿ ತಿಕ್ಕಿ ಕಂಕುಳಲ್ಲಿ ಇಟ್ಟುಕೊಂಡು ನಿಂತಳು.

"ಚಿನ್ನಸ್ವಾಮಣ್ಣ, ನನ್ನೂ ಒಸಿ ಬೆಳ್ಳಗೆ ತೆಗಿ ಕಣಪ್ಪಾ. ನಾನು ಸತ್ಮೇಲೆ ಗೋಡೆಗೆ ಹಾಕಾಕೆ ಇದೇ ಆಯ್ತದೆ."

"ದ್ಯಾವಕ್ಕ, ನನ್ನ ಕ್ಯಾಮೆರಾ ಮುಂದೆ ನಿಂತ್ರೆ ಕಾಗೇನೂ ಕೊಕ್ಕರೆ ಆಗುತ್ತೆ. ಸುಮ್ನೆ ನಗು."

ಅವಳು ನಕ್ಕಳು. ಅವನು ಮಾತು ಉಳಿಸಿಕೊಂಡ. ಡೇರಿಯ ಕಡತಕ್ಕೆ ಒಂದು ಪ್ರತಿ ಹೋಯಿತು, ದ್ಯಾವಮ್ಮನ ಗೋಡೆಗೆ ಕಟ್ಟು ಹಾಕಿಸಿದ ಇನ್ನೊಂದು ಪ್ರತಿ ಏರಿತು.

ಮರುವರ್ಷ ಆ ಹಸು ಪಕ್ಕದ ಹೊಲದ ಎಳೆ ಜೋಳಕ್ಕೆ ನುಗ್ಗಿ ಮೇಯ್ದು ಬಂದು, ಎಳೆ ಪೈರಿನ ವಿಷ ಏರಿ, ಸಂಜೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲೇ ಬಿದ್ದು ಸತ್ತಿತು. ಕಿವಿಯ ಬಿಲ್ಲೆ ಎಂದೋ ಮುಳ್ಳುಬೇಲಿಗೆ ಸಿಕ್ಕಿ ಕಿವಿಯ ಸಮೇತ ಹರಿದುಹೋಗಿತ್ತು. ಅದನ್ನು ಡೇರಿಗೆ ತಿಳಿಸಬೇಕು ಅನ್ನುವುದು ದ್ಯಾವಮ್ಮನಿಗೆ ಹೊಳೆದಿರಲಿಲ್ಲ. ಹಸುವಿನ ಮೈಮೇಲೆ ಗುರುತು ಹಿಡಿಯಲು ಒಂದು ಮಚ್ಚೆಯಾದರೂ ಇತ್ತೇ ಅಂದರೆ ಅದೂ ಇಲ್ಲ. ಚಿನ್ನಸ್ವಾಮಿಯನ್ನು ಕರೆಸಿ ಸತ್ತ ಹಸುವಿನ ಫೋಟೋ ತೆಗೆಸಿದರು. ಕೊಟ್ಟಿಗೆಯ ಮೇಲೆ ಸೋರದಿರಲೆಂದು ನೀಲಿ ಪ್ಲಾಸ್ಟಿಕ್ ಹಾಳೆ ಹೊದಿಸಿತ್ತು. ಕರೆಯಲು ತಂದಿಟ್ಟ ಕ್ಯಾನು ಹಸುವಿನ ತಲೆಯ ಹತ್ತಿರ ಹಾಗೇ ಇತ್ತು. ಅಳುವವರ ಮನೆಯಲ್ಲಿ ಅದನ್ನು ಎತ್ತಿಡುವವರು ಯಾರು?

ವಿಮೆ ಕಚೇರಿಯಿಂದ ನರೇಶ್ ಎಂಬ ಯುವಕ ತಪಾಸಣೆಗೆ ಬಂದ. ಎರಡು ಫೋಟೋ ಪಕ್ಕ ಪಕ್ಕ ಇಟ್ಟು ನೋಡಿದ. ಒಂದರಲ್ಲಿ ದ್ಯಾವಮ್ಮನ ಜತೆ ನಿಂತದ್ದು ಜೇನಿನ ಬಣ್ಣದ ಕೆಂದ ಹಸು. ಇನ್ನೊಂದರಲ್ಲಿ ಸತ್ತು ಬಿದ್ದದ್ದು ನೀಲಿಗಪ್ಪು ಹಸು. ಇಂಥ ಕತೆಯಲ್ಲಿ ಅಧಿಕಾರಿಯನ್ನು ಹಿಡಿದು ಝಾಡಿಸುವುದು ಬರೆಯುವವರಿಗೆ ಸುಲಭ. ಆದರೆ ಈ ಹುಡುಗನ ತಪ್ಪೇನೂ ಇರಲಿಲ್ಲ. ಆ ಎರಡು ಚಿತ್ರ ನೋಡಿದ ಯಾರಾದರೂ ಅವನು ಹೇಳಿದ್ದನ್ನೇ ಹೇಳುತ್ತಿದ್ದರು.

ಡೇರಿಯ ಕಟ್ಟಡದಲ್ಲಿ ಸದಸ್ಯರ ಸಭೆ ಕೂಡಿತು. ಕಾರ್ಯದರ್ಶಿ ಅಪ್ಪಯ್ಯಣ್ಣ ಮೇಜಿನ ಹಿಂದೆ, ನರೇಶ್ ಪಕ್ಕದಲ್ಲಿ, ದ್ಯಾವಮ್ಮ ಬಾಗಿಲ ಹತ್ತಿರ ನಿಂತು. ಫೋಟೋ ತೆಗೆದವನು ಅಂತ ಚಿನ್ನಸ್ವಾಮಿಯನ್ನೂ ಕರೆಸಿದ್ದರು.

"ನೀವೇ ನೋಡಿ," ಅಂದ ನರೇಶ್. "ಇದು ಕೆಂದ, ಇದು ಕರಿ. ಎರಡೂ ಒಂದೇ ಹಸು ಅಂತ ನಾನು ಹೇಗೆ ಸಹಿ ಹಾಕ್ಲಿ? ಇಂಥದ್ದು ಇನ್ನೊಂದು ಸಿಕ್ಕಿದ್ರೆ ನಿಮ್ಮ ಡೇರಿಯ ಎಲ್ಲಾ ಹಸುಗಳ ವಿಮೇನೂ ನಿಲ್ಲಿಸ್ತಾರೆ."

ಆ ಮಾತು ಕಿಡಿ ಹಚ್ಚಿತು. ದ್ಯಾವಮ್ಮನ ತವರಿನಲ್ಲಿ ಕೆಂದ ಹಸುಗಳಿದ್ದವು. ಅಲ್ಲಿಂದ ಒಂದನ್ನು ಎರವಲು ತಂದು ಫೋಟೋ ತೆಗೆಸಿ, ವಿಮೆಯಿಲ್ಲದ ಹಸು ಸತ್ತಾಗ ಅದನ್ನು ತೋರಿಸಿದ್ದಾಳೆ ಅಂತ ಯಾರೋ ಅಂದರು, ಅಂದದ್ದೇ ನಿಜವಾಯಿತು. ತೋಟದ ಮನೆಯ ಹಸು, ಊರೊಳಗೆ ಬಂದದ್ದಲ್ಲ. ದಿನಾ ಅವಳ ಹಾಲು ಕಂಡವರೇ ಹೊರತು ಹಸುವನ್ನು ದಿಟ್ಟಿಸಿ ನೋಡಿದವರು ಇಬ್ಬರು ಮೂವರು. ಆ ಇಬ್ಬರು ಮೂವರೂ ಫೋಟೋ ನೋಡಿದ ಮೇಲೆ ತಮ್ಮ ಕಣ್ಣನ್ನೇ ಅನುಮಾನಿಸಿದರು. ಕಾಗದದ ಮೇಲೆ ಬಂದರೆ ದೇವರೇ ಬಂದ ಹಾಗೆ, ನಮ್ಮ ಜನಕ್ಕೆ.

"ನನ್ನ ಕಪಿಲೆ ಕಣ್ರಪ್ಪಾ ಸತ್ತಿದ್ದು!" ದ್ಯಾವಮ್ಮ ಕೂಗಿದಳು. "ಮಗಳಂಗೆ ಸಾಕಿದ್ನಲ್ಲೋ! ಚಿನ್ನಸ್ವಾಮಣ್ಣ, ನೀನೇ ಅಲ್ವಾ ತೆಗೆದೋನು? ಹೇಳಪ್ಪಾ, ಅದೇ ಹಸು ಅಂತ ಹೇಳು."

ಚಿನ್ನಸ್ವಾಮಿ ಎರಡೂ ಫೋಟೋ ನೋಡಿದ. ಆ ವಾರ ಅವನು ಎಷ್ಟೋ ಹಸುಗಳನ್ನು ತೆಗೆದಿದ್ದ. ಅವನ ಕಣ್ಣು ಪಳಗಿದ್ದು ಹೆಂಗಸರ ಮುಖಕ್ಕೆ, ಹಸುವಿಗಲ್ಲ. "ನನಗೆ ಹಸು ಜ್ಞಾಪಕ ಇಲ್ಲ ದ್ಯಾವಕ್ಕ," ಅಂದ.

ಅಪ್ಪಯ್ಯಣ್ಣ ಮೊದಲ ಫೋಟೋವನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. "ಹಸು ಬಿಡ್ರಪ್ಪಾ, ಕ್ಯಾನ್ ನೋಡ್ರಿ! ತಾಮ್ರದ್ದು! ನಮ್ಮ ಡೇರಿ ಯಾವಾಗ ತಾಮ್ರದ ಕ್ಯಾನ್ ಕೊಡ್ತು? ಹಸು ತವರಿಂದು, ಕ್ಯಾನು ಇನ್ಯಾರ ಮನೇದೋ!"

ಸಭೆಯೆಲ್ಲ ನಕ್ಕಿತು. ಚಿನ್ನಸ್ವಾಮಿ ಮಾತ್ರ ನಗಲಿಲ್ಲ. ಎದ್ದು ಹೋಗಿ ಅಪ್ಪಯ್ಯಣ್ಣನ ಕೈಯಿಂದ ಫೋಟೋ ತೆಗೆದುಕೊಂಡ. ಕ್ಯಾನು ನಿಜಕ್ಕೂ ತಾಮ್ರದ ಬಣ್ಣಕ್ಕಿತ್ತು. ಡೇರಿಯ ಮೂಲೆಯಲ್ಲಿ ಸಾಲಾಗಿ ಇಟ್ಟಿದ್ದ ಕ್ಯಾನುಗಳನ್ನು ನೋಡಿದ. ಬೂದು ಬಣ್ಣ. ಇನ್ನೊಂದು ಫೋಟೋ ಇಸಿದುಕೊಂಡು ನೋಡಿದ. ಅದರಲ್ಲಿ ಸತ್ತ ಹಸುವಿನ ಪಕ್ಕದ ಕ್ಯಾನು ನೀಲಿ. ಬಾಚಣಿಗೆಯನ್ನೂ ಜೇಬಿನಿಂದ ತೆಗೆಯದೆ, ಮೊಪೆಡ್ ಹತ್ತಿ ಹೋದ. ಮುಂದಿನ ಸಭೆಯಲ್ಲಿ ದ್ಯಾವಮ್ಮನ ಸದಸ್ಯತ್ವ ರದ್ದು ಮಾಡುವುದೆಂದು ಇತ್ತ ಮಾತಾಯಿತು. ಕೊಟ್ಟಿಗೆಯಲ್ಲಿ ಅವಳ ಇನ್ನೊಂದು ಹಸು ಹಾಲು ಕೊಡುತ್ತಿತ್ತು. ಡೇರಿಯಿಂದ ತೆಗೆದರೆ ಆ ಹಾಲನ್ನು ಎಲ್ಲಿಗೆ ಹಾಕಬೇಕು? ಅದಕ್ಕಿಂತ ಹೆಚ್ಚಾಗಿ, ಕಳ್ಳಿ ಅನ್ನಿಸಿಕೊಂಡು ಆ ಊರಿನಲ್ಲಿ ಹೇಗೆ ಓಡಾಡಬೇಕು?

ಮುಂದೆ ನಡೆದದ್ದನ್ನು ಹೇಳಿದ್ದು ಚಿನ್ನಸ್ವಾಮಿಯ ಹೆಂಡತಿ ರುಕ್ಮಿಣಮ್ಮ. ಕತ್ತಲೆ ಕೋಣೆಯಲ್ಲಿ ಪ್ರಿಂಟುಗಳನ್ನು ತೊಳೆದು ಒಣಹಾಕುವ ಕೆಲಸ ಆಕೆಯದೇ. ಮಾರನೆಯ ಬೆಳಿಗ್ಗೆ ಅವನು ಎಲ್ಲಿಂದಲೋ ಒಂದು ಡೇರಿ ಕ್ಯಾನು ತಂದು ಅಂಗಡಿಯ ಕಟ್ಟೆಯ ಮೇಲಿಟ್ಟ. ಎರಡೂ ನೆಗೆಟಿವ್ ಹುಡುಕಿ ತೆಗೆದ. "ಮುಖ ನೋಡ್ಬೇಡ ರುಕ್ಕು, ಹಸು ನೋಡ್ಬೇಡ, ಕ್ಯಾನ್ ಒಂದೇ ನೋಡು," ಅಂದ. ಒಂದೊಂದು ಪ್ರಿಂಟನ್ನೂ ಹೊರಗೆ ತಂದು ಬೆಳಕಿನಲ್ಲಿ ನಿಜವಾದ ಕ್ಯಾನಿನ ಪಕ್ಕ ಹಿಡಿಯುವುದು, ತಲೆಯಾಡಿಸುವುದು, ಒಳಗೆ ಹೋಗಿ ಗಾಜು ಬದಲಾಯಿಸುವುದು. ಚಿತ್ರದ ಕ್ಯಾನಿನಲ್ಲಿದ್ದ ತಾಮ್ರ ಸ್ವಲ್ಪ ಸ್ವಲ್ಪವೇ ಇಳಿಯಿತು. ಅದು ಇಳಿದಂತೆ ಹಸುವಿನ ಜೇನು ಬಣ್ಣವೂ ಇಳಿದು, ಸುಟ್ಟ ಬೆಲ್ಲದ ಬಣ್ಣ ಬಂತು. ಎರಡನೆಯದರಲ್ಲಿ ಕ್ಯಾನಿನ ನೀಲಿ ಕಳೆದಂತೆ ಹಸುವಿನ ನೀಲಿಯೂ ಕಳೆಯಿತು. ಕೊನೆಗೆ ಎರಡೂ ಕ್ಯಾನು ಬೂದು. ಎರಡೂ ಹಸು ಸುಟ್ಟ ಬೆಲ್ಲ. ಒಂದೇ ಹಸು.

ಮೊದಲ ಚಿತ್ರದಲ್ಲಿ ಇನ್ನೊಂದೂ ಬದಲಾಗಿತ್ತು. ದ್ಯಾವಮ್ಮ ತನ್ನ ಬಣ್ಣಕ್ಕೆ ಬಂದಿದ್ದಳು. ಹೊಲದ ಬಣ್ಣ, ಬಿಸಿಲಿನ ಬಣ್ಣ. ಅವಳನ್ನು ಗೋಧಿ ಮಾಡಲು ಹೋಗಿ ಚಿನ್ನಸ್ವಾಮಿ ಹಸುವನ್ನು ಕೆಂಪು ಮಾಡಿದ್ದ. ಎರಡನೆಯ ಚಿತ್ರದಲ್ಲಿ ಬೆಳ್ಳಗೆ ಮಾಡಬೇಕಾದ ಹೆಂಗಸು ಯಾರೂ ಇರಲಿಲ್ಲ. ಸತ್ತ ಹಸುವಿನ ಬಣ್ಣಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ನೀಲಿ ಪ್ಲಾಸ್ಟಿಕ್ಕಿನ ಬೆಳಕು ಬಿದ್ದ ಹಾಗೆ ತೆಗೆದುಕೊಟ್ಟಿದ್ದ.

ಸುದ್ದಿ ತಿಳಿದು ದ್ಯಾವಮ್ಮ ಅಂಗಡಿಗೆ ಬಂದಳು. ಚಿತ್ರ ನೋಡಿ ಮೊದಲು ಹಸುವನ್ನು ಸವರಿದಳು. ಆಮೇಲೆ ತನ್ನನ್ನು ನೋಡಿಕೊಂಡಳು.

"ಅಯ್ಯೋ ಶಿವನೇ, ಇಷ್ಟು ಕರ್ರಗಿದೀನಾ ನಾನು?"

"ಇದ್ದೀಯ ದ್ಯಾವಕ್ಕ."

"ಹಸು ಒಂದ್ನೇ ಸರಿ ಮಾಡಿ, ನನ್ನ ಹಂಗೇ ಬಿಡಾಕಾಗಲ್ವಾ?"

"ಕ್ಯಾನು ನಿನ್ನ ಕಂಕುಳಲ್ಲೇ ಇದೆಯಲ್ಲಕ್ಕಾ. ಅದು ಬೂದು ಬಣ್ಣಕ್ಕೆ ಬಂದ್ರೆ ನೀನೂ ನೀನಾಗ್ತೀಯ."

ರುಕ್ಮಿಣಮ್ಮನಿಗೆ ಬೇರೆ ಚಿಂತೆ. "ರೀ, ಇದನ್ನ ಸಭೇಲಿ ತೋರಿಸ್ಬಿಟ್ರೆ ನಮ್ಮ ಗತಿ ಏನು? ಸೂರ್ಯ ಸ್ಟುಡಿಯೋ ಫೋಟೋ ಸುಳ್ಳು ಅಂತ ನೀವೇ ಹೇಳ್ದಂಗಾಗುತ್ತೆ. ನಾಳೆ ಯಾರು ಹೆಣ್ಣುಮಕ್ಕಳನ್ನ ಕರ್ಕೊಂಡು ಬರ್ತಾರೆ? ಆ ವಿಮೆ ಸಾಹೇಬ್ರಿಗೆ ಒಬ್ರಿಗೇ ತೋರಿಸಿ, ಗುಟ್ಟಾಗಿ ಮುಗಿಸ್ಕೊಂಡು ಬನ್ನಿ."

ಅದು ಬುದ್ಧಿವಂತರ ಮಾತು. ಊರಿನಲ್ಲಿ ದೊಡ್ಡವರೆನಿಸಿಕೊಂಡವರೆಲ್ಲ ಅದನ್ನೇ ಮಾಡುತ್ತಾರೆ. ಬೀದಿಯಲ್ಲಿ ಹೊಲಸು ಮಾಡಿ, ಹಿತ್ತಿಲಲ್ಲಿ ಕೈ ತೊಳೆಯುತ್ತಾರೆ. ಚಿನ್ನಸ್ವಾಮಿ ದಿನವೆಲ್ಲ ಮುಖ ಗಂಟಿಕ್ಕಿಕೊಂಡು ಓಡಾಡಿದ. ಊಟಕ್ಕೆ ಕೂತಾಗ ಹೇಳಿದ: "ಅವಳನ್ನ ಕಳ್ಳಿ ಅಂದಿದ್ದು ಸಭೇಲಿ ಕಣೇ. ಅಲ್ಲ ಅನ್ನೋದೂ ಸಭೇಲೇ ಆಗ್ಬೇಕು."

ರುಕ್ಮಿಣಮ್ಮ "ಸಾರು ಹಾಕಿಸ್ಕೊಳ್ಳಿ," ಅಂದಳಂತೆ, ಅಷ್ಟೇ.

ಎರಡನೆಯ ಸಭೆಯ ದಿನ ಚಿನ್ನಸ್ವಾಮಿ ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟೇ ಬಂದ. ತಪ್ಪು ಒಪ್ಪಿಕೊಳ್ಳಲು ಬರುವಾಗಲೂ ಗತ್ತು ಬಿಟ್ಟಿರಲಿಲ್ಲ. ಹಳೆಯ ಫೋಟೋವನ್ನು ಎತ್ತಿ ಹಿಡಿದ.

"ನರೇಶ್ ಸಾರ್, ಈ ಫೋಟೋದಲ್ಲಿರೋ ಹಸು ಬೇರೆ ಅಂದ್ರಿ. ಸರಿ. ಇದರಲ್ಲಿರೋ ಹೆಂಗಸು ಯಾರು?"

"ಇವರೇ, ದ್ಯಾವಮ್ಮ."

"ಹೇಗೆ ಹೇಳ್ತೀರಿ? ಫೋಟೋದಲ್ಲಿರೋಳು ಬೆಳ್ಳಗವಳೆ. ಇಲ್ಲಿ ಕೂತಿರೋಳು ಕಪ್ಪಗವಳೆ. ಹಸು ಬಣ್ಣ ಬೇರೆ ಆದ್ರೆ ಹಸುನೇ ಬೇರೆ ಅಂದ್ರಲ್ಲ, ಹೆಂಗಸಿನ ಬಣ್ಣ ಬೇರೆ ಇದ್ರೆ ಹೆಂಗಸೇ ಬೇರೆ ಅಂತ ಯಾಕೆ ಅನ್ನಲಿಲ್ಲ?"

ನರೇಶ್ ಬೆಬ್ಬಳಿಸಿದ. "ಅದು... ಹೆಂಗಸರ ಫೋಟೋ ಹಾಗೇ ಇರುತ್ತಲ್ವಾ?"

"ಹಾಗೇ ಇರಲ್ಲ ಸಾರ್. ನಾನು ಹಾಗೆ ಮಾಡ್ತೀನಿ."

ಚಿನ್ನಸ್ವಾಮಿ ಎಲ್ಲವನ್ನೂ ಹೇಳಿದ. ಮುಖ ಬೆಳ್ಳಗೆ ಮಾಡಲು ಗಾಜು ಬದಲಾಯಿಸಿದ್ದು, ಅದರಿಂದ ಹಸು ಕೆಂಪಾದದ್ದು, ಕ್ಯಾನು ತಾಮ್ರವಾದದ್ದು. ಆಮೇಲೆ ಅಪ್ಪಯ್ಯಣ್ಣನ ಕಡೆ ತಿರುಗಿದ. "ನೀವು ಕ್ಯಾನ್ ನೋಡಿ ನಗಾಡದೇ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ ಅಪ್ಪಯ್ಯಣ್ಣ. ನಿಮ್ಮ ಕೊಂಕು ಒಂದ್ಸಲ ಉಪಯೋಗಕ್ಕೆ ಬಂತು." ಹೊಸ ಪ್ರಿಂಟುಗಳನ್ನು ಮೇಜಿನ ಮೇಲಿಟ್ಟ.

"ಇವನ್ನೂ ನೀವೇ ಅಲ್ವಾ ಮಾಡಿರೋದು?" ಅಂದ ನರೇಶ್. ಹುಡುಗ ಚುರುಕು. "ಅದನ್ನ ಸುಳ್ಳು ಮಾಡಿದೋರು ಇದನ್ನೂ ಮಾಡಬಹುದು."

"ಸರಿಯಾದ ಮಾತು. ಅದಕ್ಕೇ ನೆಗೆಟಿವ್ ತಂದಿದ್ದೀನಿ. ನೀವೇ ತಗೊಂಡು ಬೆಂಗಳೂರಲ್ಲಿ ನಿಮಗೆ ಬೇಕಾದ ಲ್ಯಾಬಿಗೆ ಕೊಡಿ. ಕ್ಯಾನನ್ನ ಕ್ಯಾನಿನ ಬಣ್ಣಕ್ಕೆ ತನ್ನಿ ಅಂತ ಒಂದೇ ಮಾತು ಹೇಳಿ. ಹಸು ವಿಷಯ ಎತ್ತಲೇಬೇಡಿ."

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಗೋವಿಂದರಾಜು ಎದ್ದ. ಮಗಳು ಅಕ್ಷತಳ ಫೋಟೋವನ್ನು ಹಿಂದಿನ ವಾರವಷ್ಟೇ ಕುಂದಾಣದ ಗಂಡಿನ ಮನೆಗೆ ಕಳಿಸಿದ್ದವನು. "ಲೇ ಚಿನ್ನಸ್ವಾಮಿ, ಬಾಯಿ ಮುಚ್ಚು ಸಾಕು! ನಮ್ಮ ಹುಡುಗಿ ಫೋಟೋನೂ ಹಿಂಗೇನಾ?"

"ಹಿಂಗೇ ಗೋವಿಂದ್ರಾಜಣ್ಣ. ನೀನೇ ಅಲ್ವಾ ಎರಡೆರಡು ಸಲ ಹೇಳಿದ್ದು, ಬೆಳ್ಳಗೆ ಬರ್ಲಿ ಅಂತ."

"ಈ ಮಾತು ಕುಂದಾಣಕ್ಕೆ ಹೋದ್ರೆ ನಿನ್ನ ಅಂಗಡಿ ಬೋರ್ಡು ಕಿತ್ತುಹಾಕ್ತೀನಿ!"

"ಕಿತ್ತುಹಾಕು. ಅದೂ ಬಿಸಿಲಿಗೆ ಬಣ್ಣ ಕಳ್ಕೊಂಡಿದೆ."

ನರೇಶ್ ನೆಗೆಟಿವ್ ತೆಗೆದುಕೊಂಡು ಹೋದ. ಬೆಂಗಳೂರಿನ ಲ್ಯಾಬಿನವರು ಕ್ಯಾನನ್ನು ಕ್ಯಾನಿನ ಬಣ್ಣಕ್ಕೆ ತಂದರು. ಎರಡರಲ್ಲೂ ಅದೇ ಸುಟ್ಟ ಬೆಲ್ಲದ ಹಸು ಬಂತು. ವಿಮೆ ಮಂಜೂರಾಯಿತು, ದ್ಯಾವಮ್ಮನ ಹೆಸರು ಡೇರಿಯಲ್ಲಿ ಉಳಿಯಿತು. ಅಪ್ಪಯ್ಯಣ್ಣ ಅವಳ ತೋಟದ ಮನೆಗೆ ತಾನೇ ಹೋಗಿ "ತಪ್ಪು ತಿಳ್ಕೋಬೇಡ ತಾಯಿ" ಅಂದ. ಅವಳು ಕಾಫಿ ಕೊಟ್ಟಳು. ಹಾಲು ಕಮ್ಮಿ ಹಾಕಿ, ಅಂತ ಊರಲ್ಲಿ ತಮಾಷೆ.

ಚಿನ್ನಸ್ವಾಮಿಗೆ ಮಾತ್ರ ಕಾಫಿ ಸಿಗಲಿಲ್ಲ. ಹೆಂಡತಿ ಹೇಳಿದಂತೆಯೇ ಆಯಿತು. ಆ ವರ್ಷದ ಮದುವೆ ಕಾಲದಲ್ಲಿ ಅಂಗಡಿ ಬಣಗುಟ್ಟಿತು. ಹೆಣ್ಣು ಹೆತ್ತವರೆಲ್ಲ ಎದುರು ಸಾಲಿನ ಸ್ಟುಡಿಯೋಗೆ ಹೋದರು. ಅಲ್ಲಿ ಹೆಣ್ಣುಮಕ್ಕಳು ಸುಣ್ಣವಾಗಿ ಹೊರಬಂದರು. ಶಾಲೆ ಮಕ್ಕಳ ಗುಂಪು ಫೋಟೋ, ಬ್ಯಾಂಕಿನ ಅರ್ಜಿಗೆ ಅಂಟಿಸುವ ಚಿಕ್ಕ ಫೋಟೋ ತೆಗೆದುಕೊಂಡು ಅವನು ಕಾಲ ಹಾಕಿದ. ಹಳೆಯ ಗೋಧಿಗೆ ತಿರುಗಿ ಹೋಗಬಹುದಿತ್ತು. ಒಂದು ಗಾಜು ಬದಲಾಯಿಸಿದರೆ ಸಾಕಿತ್ತು. ಹೋಗಲಿಲ್ಲ. ಈ ಜಂಬಗಾರನಿಗೆ ನಾನು ಕೈ ಮುಗಿಯುವುದು ಸಭೆಯಲ್ಲಿ ಎದ್ದು ನಿಂತದ್ದಕ್ಕಿಂತ ಇದಕ್ಕೆ. ಒಂದು ದಿನದ ಧೈರ್ಯ ಕುಡಿದವನಿಗೂ ಬರುತ್ತದೆ. ಖಾಲಿ ಅಂಗಡಿಯಲ್ಲಿ ದಿನಾ ಬೆಳಿಗ್ಗೆ ಬಾಗಿಲು ತೆಗೆದು ಕೂರುವ ಧೈರ್ಯ ಬೇರೆ ಥರದ್ದು.

ಆ ಖಾಲಿ ದಿನಗಳಲ್ಲಿ ಒಮ್ಮೆ ಅಕ್ಷತ ಒಬ್ಬಳೇ ಅಂಗಡಿಗೆ ಬಂದಳು. "ಚಿಕ್ಕಪ್ಪ, ನನ್ನದೂ ಇರೋ ಹಾಗೆ ಒಂದು ತೆಗೆದುಕೊಡಿ. ಅವರು ಬಂದು ನನ್ನ ಮುಖ ನೋಡಿ, ಆಮೇಲೆ ಫೋಟೋ ನೋಡಿ, ಆಮೇಲೆ ಮತ್ತೆ ಮುಖ ನೋಡೋದು ನನಗೆ ಬೇಡ." ಅವನು ತೆಗೆದುಕೊಟ್ಟ. ಕುಂದಾಣದ ಸಂಬಂಧ ಕೂಡಲಿಲ್ಲ. ಮುಂದೆ ನೆಲಮಂಗಲದ ಕಡೆ ಮದುವೆಯಾಯಿತು; ಫೋಟೋ ತೆಗೆಯಲು ಚಿನ್ನಸ್ವಾಮಿಯೇ ಬರಬೇಕೆಂದು ಹುಡುಗಿ ಹಟ ಹಿಡಿದಳು, ಗೋವಿಂದರಾಜು ಹಲ್ಲು ಕಡಿಯುತ್ತಾ ಒಪ್ಪಿದ.

ಆ ಮದುವೆಯಲ್ಲೇ ಜನ ಮೊದಲ ಸಲ ಮುಚ್ಚಳವನ್ನು ಕಂಡದ್ದು. ದ್ಯಾವಮ್ಮ ತಗ್ಗುಬಿದ್ದ ಹಳೆಯ ಕ್ಯಾನೊಂದರ ಮುಚ್ಚಳವನ್ನು ಚಿನ್ನಸ್ವಾಮಿಗೆ ಕೊಟ್ಟಿದ್ದಳು. ಅವನು ಹೊಳಪು ಹೋಗುವ ಹಾಗೆ ಅದನ್ನು ಮರಳು ಕಾಗದದಲ್ಲಿ ಉಜ್ಜಿ ಬ್ಯಾಗಿನಲ್ಲಿ ಇಟ್ಟುಕೊಂಡ. ಚಪ್ಪರದ ಕೆಳಗೆ ಒಂದು, ಶಾಮಿಯಾನದ ಕೆಳಗೆ ಒಂದು, ಹೀಗೆ ಬೆಳಕು ಬದಲಾದಾಗಲೆಲ್ಲ ಮೊದಲು ಮದುಮಗಳ ಕೈಗೆ ಮುಚ್ಚಳ ಕೊಟ್ಟು ಒಂದು ಚಿತ್ರ. ಆಮೇಲೆ ಕತ್ತಲೆ ಕೋಣೆಯಲ್ಲಿ ಆ ಮುಚ್ಚಳವನ್ನು ಬೂದು ಬಣ್ಣಕ್ಕೆ ತಂದು, ಅದೇ ಗಾಜಿನಲ್ಲಿ ಆ ಬೆಳಕಿನ ಉಳಿದ ಚಿತ್ರಗಳನ್ನೆಲ್ಲ ತೆಗೆಯುವುದು.

"ಏನ್ರೀ ಇದು, ನಮ್ಮ ಸೊಸೆ ಹಾಲು ಮಾರೋಳಾ?" ಅಂತ ಗಂಡಿನ ಸೋದರತ್ತೆ ಆದಿಲಕ್ಷ್ಮಮ್ಮ ರೇಗಿದರು.

"ಅಮ್ಮಾ, ಮುಖ ಅಂದ್ರೆ ಎಲ್ರಿಗೂ ಆಸೆ. ನಿಮಗೊಂದು ಬಣ್ಣ ಬೇಕು, ಬೀಗರಿಗೊಂದು ಬಣ್ಣ ಬೇಕು. ಈ ಮುಚ್ಚಳ ಬೆಳ್ಳಗಿರ್ಲಿ ಅಂತ ಯಾರಾದ್ರೂ ಹರಕೆ ಹೊತ್ತಿದ್ದಾರಾ? ಅದಕ್ಕೇ ಇದು ಸುಳ್ಳು ಹೇಳಲ್ಲ."

ಈಗ ತೊಂಬತ್ತೊಂಬತ್ತು. ಚಿನ್ನಸ್ವಾಮಿಯ ಮಗಳು ಶಿಲ್ಪ ಕೃಷ್ಣರಾಜಪುರದ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿಗೆ ನೆಗೆಟಿವನ್ನೇ ಕಂಪ್ಯೂಟರಿಗೆ ಏರಿಸುವ ಸ್ಕ್ಯಾನರ್ ಬಂದಿದೆ. ಅಪ್ಪನ ಹಳೆಯ ರೋಲುಗಳನ್ನು ಒಂದೊಂದಾಗಿ ಏರಿಸಿದಾಗ ಯಂತ್ರ ಪ್ರತಿ ಚಿತ್ರಕ್ಕೂ ತನಗೆ ತೋಚಿದ ಬಣ್ಣ ಕೊಟ್ಟಿತಂತೆ. ಅಕ್ಷತಳ ಧಾರೆ ಸೀರೆ ಒಂದರಲ್ಲಿ ಬದನೆಕಾಯಿ, ಮುಂದಿನದರಲ್ಲಿ ದಾಳಿಂಬೆ. ಶಿಲ್ಪ ಮುಚ್ಚಳವಿದ್ದ ಚಿತ್ರವನ್ನು ಆರಿಸಿ, ಅದನ್ನು ಬೂದು ಮಾಡಿ, ಅದೇ ಲೆಕ್ಕವನ್ನು ಆ ಬೆಳಕಿನ ಚಿತ್ರಗಳಿಗೆಲ್ಲ ಹಾಕಿದಳು. ಸೀರೆ ಎಲ್ಲದರಲ್ಲೂ ಒಂದೇ ಆಯಿತು. ಆದರೆ ಅದೇ ಕಂಪ್ಯೂಟರಿನಲ್ಲಿ ಮುಖ ಬೆಳ್ಳಗೆ ಮಾಡುವ ಸೌಕರ್ಯವೂ ಇದೆ, ಅದನ್ನೇ ಜನ ಮೊದಲು ಕೇಳುತ್ತಾರೆ ಅಂತಲೂ ಅವಳು ಹೇಳಿದಳು. ಚಿನ್ನಸ್ವಾಮಿಗೆ ಒಂದು ಸುಳ್ಳಿಗೆ ಅರ್ಧ ದಿನದ ಬೆವರು ಸುರಿಯಬೇಕಿತ್ತು. ಇನ್ನು ಮುಂದೆ ಬೆವರೂ ಬೇಡ. ದೇವರೇ ಕಾಪಾಡಬೇಕು ಈ ತಾಲ್ಲೂಕಿನ ಕಪ್ಪು ಹುಡುಗಿಯರನ್ನು.

ಸೂರ್ಯ ಕಲರ್ ಸ್ಟುಡಿಯೋದ ಬಾಗಿಲಲ್ಲಿ ಈಗ ಗೋಧಿ ಬಣ್ಣದ ಮದುಮಗಳು ಇಲ್ಲ. ಆ ಜಾಗದಲ್ಲಿ ದ್ಯಾವಮ್ಮ ಇದ್ದಾಳೆ. ವಿಮೆಯ ದುಡ್ಡಿನಲ್ಲಿ ಹೊಸ ಹಸು ತಂದಾಗ ತೆಗೆದ ಚಿತ್ರ ಅದು.

"ಹಸು ಹೆಂಗೈತೋ ಹಂಗೇ ಬರ್ಲಿ ಚಿನ್ನಸ್ವಾಮಣ್ಣ," ಅಂದಿದ್ದಳು ಆ ದಿನ. "ನನ್ನ ಮಾತ್ರ ಒಸಿ..."

"ಆಗಲ್ಲ ದ್ಯಾವಕ್ಕ. ನೀವಿಬ್ರೂ ಒಂದೇ ಫಿಲ್ಮಲ್ಲಿದ್ದೀರ. ನೀನು ಬೆಳ್ಳಗಾದ್ರೆ ಹಸು ಕೆಂಪಾಗುತ್ತೆ. ಹಸು ಕೆಂಪಾದ್ರೆ ಅಪ್ಪಯ್ಯಣ್ಣ ಬರ್ತಾನೆ."

"ಹಂಗಾದ್ರೆ ನಾನು ಆ ಕಡೆ ಹೋಗ್ತೀನಿ, ಹಸು ಒಂದ್ನೇ ತೆಗಿ."

"ಒಡತಿ ಇಲ್ದಿದ್ರೆ ವಿಮೆ ಇಲ್ಲ."

ದ್ಯಾವಮ್ಮ ಹಸುವಿನ ಕಡೆ ತಿರುಗಿದಳು. "ಥೂ, ನಿನ್ನ ದೆಸೆಯಿಂದ ನಾನು ಕರ್ರಗಾಗ್ಬೇಕಾಯ್ತಲ್ಲೇ!" ಅನ್ನುತ್ತಾ ಮುಚ್ಚಳವನ್ನು ಎದೆಗೆ ಅವಚಿಕೊಂಡು ನಿಂತಳು. ಅವಳಿಗೇ ನಗು ತಡೆಯಲಾಗಲಿಲ್ಲ. ಚಿತ್ರ ಹಾಗೇ ಬಂದಿದೆ. ಹಸು ಹಸುವಿನ ಬಣ್ಣ, ಹೆಂಗಸು ಹೆಂಗಸಿನ ಬಣ್ಣ.

ಅವಳ ಮನೆಯ ಗೋಡೆಯ ಮೇಲೂ ಅದರದೊಂದು ಪ್ರತಿ ಇದೆ. ಪಕ್ಕದಲ್ಲೇ ಹಳೆಯದೂ ಇದೆ. ಕೆಂದ ಹಸು, ತಾಮ್ರದ ಕ್ಯಾನು, ಗೋಧಿ ಬಣ್ಣದ ಹೆಂಗಸು. ತೆಗೆದುಹಾಕಲು ಮನಸ್ಸು ಬಂದಿಲ್ಲ. ಯಾರಾದರೂ ಕೇಳಿದರೆ ದ್ಯಾವಮ್ಮ ಮುಖ ಗಂಭೀರ ಮಾಡಿಕೊಂಡು ಹೇಳುತ್ತಾಳೆ: "ಅವಳಾ? ಅವಳು ನಮ್ಮ ತಂಗಿ ಕಣಪ್ಪಾ. ಅದು ಅವಳ ಹಸು."